ಮುಂದಿನ ಸೀಟು

ಮೂರನೇ ನಂಬರಿನ ಗಾಡಿಯ ಮುಂದಿನ ಸೀಟನ್ನೂ ತೊಳೆಯಬೇಕು ಎಂದಾಗ ಪೈಪಮ್ಮನಿಗೆ ರೇಗಿತು. ಮುಂದಿನ ಸೀಟು ಅವಳ ಕೆಲಸವಲ್ಲ. ಅವಳದ್ದು ಹಿಂದಿನ ಭಾಗ. ಹೆಣ ಮಲಗುವ ತಗಡಿನ ತಟ್ಟೆ, ತಟ್ಟೆ ಒಳಗೆ ಜಾರಿಹೋಗುವ ಎರಡು ಕಂಬಿ, ಕಂಬಿಯ ಅಡಿಯಲ್ಲಿ ನೀರು ಇಳಿಯುವ ತೂತು. ಹನ್ನೊಂದು ವರ್ಷದಿಂದ ಅವಳು ತೊಳೆಯುತ್ತಿರುವುದು ಗಾಡಿಯ ಹಿಂಭಾಗವನ್ನೇ. ಮುಂದಿನ ಸೀಟನ್ನು ಡ್ರೈವರುಗಳು ತಾವೇ ಒರೆಸಿಕೊಳ್ಳುತ್ತಾರೆ. ಇವತ್ತು ಯಾವನೋ ಏನನ್ನೋ ಚೆಲ್ಲಿಕೊಂಡು ಬಂದಿದ್ದಾನೆ, ಅದು ತನ್ನ ತಲೆಗೆ ಬಂತು ಎಂದು ಗೊಣಗುತ್ತಾ ಪೈಪು ಎಳೆದುಕೊಂಡು ಬಂದಳು.

ಗಾಡಿ ತಂದು ನಿಲ್ಲಿಸಿದವನು ಮೀಸೆ. ಅವನಿಗೆ ಈಗ ಮೀಸೆಯಿಲ್ಲ. ಗಿರಾಕಿಗಳ ಮುಂದೆ ಚೆನ್ನಾಗಿ ಕಾಣುವುದಿಲ್ಲವೆಂದು ಕಂಪನಿಯವರು ಅದನ್ನು ಬೋಳಿಸಿದ್ದರು. ಹೆಸರನ್ನು ಬೋಳಿಸಲು ಅವರಿಂದ ಆಗಲಿಲ್ಲ. ಬೆಳಿಗ್ಗೆ ಈ ಗಾಡಿ ತೆಗೆದುಕೊಂಡು ಹೋದವನು ತನ್ನ ಗಂಡ ತಾನೇ, ಅವನೆಲ್ಲಿ ಎಂದು ಪೈಪಮ್ಮ ಕೇಳಿದಳು. ಬೇರೆ ಕಡೆ ಕಳಿಸಿದ್ದಾರೆ ಎಂದ ಮೀಸೆ, ಅವಳ ಮುಖ ನೋಡದೆ. ನಾಲ್ಕು ಗಂಟೆಗೆ ಇನ್ನೊಂದು ಟ್ರಿಪ್ಪಿದೆ, ಮಿಕ್ಕ ಎರಡು ಗಾಡಿ ಹೊರಗಿವೆ, ಬೇಗ ಆಗಬೇಕಂತೆ ಅತ್ತಿಗೆ ಎಂದು ಹೇಳಿ ಆಫೀಸಿನ ಕಡೆ ಸರಸರ ಹೋಗಿಬಿಟ್ಟ.

ಆಗ ಮಧ್ಯಾಹ್ನ ಒಂದೂವರೆ. ಅಂಗಳದ ಸಿಮೆಂಟು ಕಾದು ಕಾಲಿಡಲಾಗುತ್ತಿರಲಿಲ್ಲ. ಅವಳು ಗೋಣಿಚೀಲವನ್ನು ನೆನೆಸಿ ಅದರ ಮೇಲೆ ನಿಂತು ಮೊದಲು ಹಿಂದಿನ ಬಾಗಿಲು ತೆಗೆದಳು. ಅದು ಅಭ್ಯಾಸ. ಮೊದಲು ನೀರು, ಆಮೇಲೆ ಸೋಪಿನ ಪುಡಿ, ಆಮೇಲೆ ಫಿನಾಯಿಲು. ಕಂಬಿಯ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಹೆಣದಿಂದ ಸೋರಿದ್ದು ಆ ಸಂದಿಯಲ್ಲೇ ಹೋಗಿ ಕೂರುತ್ತದೆ, ಒಣಗಿದರೆ ಉಗುರಿನಿಂದ ಕೆರೆಯಬೇಕು. ಅವಳ ಬಲಗೈಯ ಎರಡು ಬೆರಳಿಗೆ ಉಗುರೇ ಸರಿಯಾಗಿ ಬೆಳೆಯುವುದಿಲ್ಲ. ಕೈಗವಸು ಕೊಡಿ ಎಂದು ಕೇಳಿದ್ದಕ್ಕೆ ಆಫೀಸಿನವರು ನಕ್ಕಿದ್ದರು. ಬಿಳಿ ಕೈಗವಸುಗಳು ಇದ್ದವು, ಡಜನ್‌ಗಟ್ಟಲೆ. ಅವು ಮುಂಭಾಗದಲ್ಲಿ ನಿಲ್ಲುವ ಆಳುಗಳಿಗೆ. ಸಂಜೆ ಅವನ್ನು ತೊಳೆದು ಒಣಗಿಸುವುದು ಮಾತ್ರ ಇವಳ ಬರಿಗೈ.

ಮೊದಲು ಹೀಗಿರಲಿಲ್ಲ. ಹಳೆಯ ಮಾಲೀಕನ ಕಾಲದಲ್ಲಿ ಎರಡು ಕರೀ ವ್ಯಾನಿದ್ದವು, ಒಳಗೆ ಮರದ ಹಲಗೆ. ಗಾಡಿ ಓಡಿಸುತ್ತಿದ್ದವನು ಇವಳ ಗಂಡ, ಹೆಣ ಎತ್ತುತ್ತಿದ್ದವರು ಅವನೂ ಅವನ ಜೊತೆಗಾರ ಕುಳ್ಳನೂ. ನೀರಿಗೆ ಬಿದ್ದದ್ದು, ರೈಲಿಗೆ ಸಿಕ್ಕಿದ್ದು, ಬೀಗ ಹಾಕಿದ ಕೋಣೆಯಲ್ಲಿ ವಾರ ಕಳೆದದ್ದು, ಎಲ್ಲವನ್ನೂ ಇಬ್ಬರೂ ಬಾಚಿ ತಂದವರೇ. ಮರ್ಯಾದೆ ಆಗಲೂ ಇರಲಿಲ್ಲ. ಬಾಡಿಗೆಗೆ ಮನೆ ಕೊಡುವವರು ಕೆಲಸ ಏನೆಂದು ಕೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೆ ಸತ್ತವರ ಮನೆಯವರು ಕುಳ್ಳನ ಹೆಗಲ ಮೇಲೆ ತಲೆಯಿಟ್ಟು ಅತ್ತದ್ದಿದೆ. ಹೆಣದ ಇನ್ನೊಂದು ತುದಿಯನ್ನು ಮಗನೋ ತಮ್ಮನೋ ಹಿಡಿಯುತ್ತಿದ್ದ. ಅಷ್ಟು ಹೊತ್ತು ಇವರೂ ಮನುಷ್ಯರಾಗಿರುತ್ತಿದ್ದರು.

ಆಮೇಲೆ ಕಂಪನಿ ಬಂತು. ಶೆಡ್ಡನ್ನೂ ಅಂಗಳವನ್ನೂ ಆಳುಗಳನ್ನೂ ಒಟ್ಟಿಗೆ ಕೊಂಡಿತು. ಉದ್ದನೆಯ ಮೂರು ಬಿಳಿ ಗಾಡಿಗಳು ಬಂದವು, ಗಾಜಿನ ಪಕ್ಕೆ, ಒಳಗೆ ದೀಪ, ಮೆಲ್ಲನೆ ಸಂಗೀತ. ಹೆಣ ಎನ್ನಬಾರದು, ಯಾತ್ರಿ ಎನ್ನಬೇಕು ಎಂದು ಗೋಡೆಯ ಮೇಲೆ ಕಾಗದ ಅಂಟಿಸಿದರು. ಒಂದೇ ಎತ್ತರದ ಆರು ಜನರನ್ನು ಹುಡುಕಿ ತಂದು ಕೋಟು, ಕೈಗವಸು ಹಾಕಿಸಿದರು. ಹೆಣವನ್ನು ತೊಳೆದು, ಬಟ್ಟೆ ತೊಡಿಸಿ, ಪೆಟ್ಟಿಗೆಗೆ ಹಾಕುವುದು ಕುಳ್ಳ, ಹಿಂದಿನ ಕೋಣೆಯಲ್ಲಿ, ಯಾರಿಗೂ ಕಾಣದಂತೆ. ಮುಚ್ಚಿದ ಪೆಟ್ಟಿಗೆಯನ್ನು ಎತ್ತಿ ಹತ್ತು ಹೆಜ್ಜೆ ನಡೆಯುವುದು ಆ ಆರು ಜನ. ಮನೆಯವರು ಅವರ ಫೋಟೋ ತೆಗೆದುಕೊಳ್ಳುತ್ತಿದ್ದರು. ಕುಳ್ಳನಿಗೆ ತಾನೇಕೆ ಮುಂದೆ ಬರಬಾರದೆಂದು ಅರ್ಥವಾಗಲು ಒಂದು ತಿಂಗಳು ಹಿಡಿಯಿತು. ಹೆಣ ಹೊರೋಕೂ ಈಗ ಹೆಣ್ಣು ನೋಡೋ ಹಾಗೆ ಎತ್ತರ, ಬಣ್ಣ ನೋಡ್ತಾರೆ ಎಂದು ಅವನು ನಗುತ್ತಿದ್ದ. ನಗು ಹೊಟ್ಟೆಯಿಂದ ಬರುತ್ತಿರಲಿಲ್ಲ.

ಪೈಪಮ್ಮನಿಗೂ ಒಂದು ನಿಯಮ. ಗಿರಾಕಿಗಳು ಅಂಗಳಕ್ಕೆ ಬಂದರೆ ಅವಳು ನೀರಿನ ಟ್ಯಾಂಕಿನ ಹಿಂದೆ ಹೋಗಬೇಕು. ಟ್ಯಾಂಕಿಗೂ ಗೋಡೆಗೂ ನಡುವೆ ಒಬ್ಬರು ಕುಕ್ಕರುಗಾಲಲ್ಲಿ ಕೂರುವಷ್ಟು ಜಾಗ. ಒಮ್ಮೆ ಗಾಡಿ ನೋಡಲು ಬಂದ ಗಿರಾಕಿಗಳು ಹೂವಿನ ಬಣ್ಣದ ಬಗ್ಗೆ ಎರಡು ಗಂಟೆ ಜಗಳವಾಡಿದರು. ಅವಳು ಎರಡು ಗಂಟೆ ಬ್ರಷ್ಷು ಹಿಡಿದು ಅಲ್ಲೇ ಕೂತಿದ್ದಳು, ಉಚ್ಚೆ ಕಟ್ಟಿಕೊಂಡು. ಅವರು ಹೋದ ಮೇಲೆ ಏಳಲು ಹೋದರೆ ಮೊಣಕಾಲು ಹಿಡಿದುಕೊಂಡಿತ್ತು. ಗಂಡ ಬಂದು ಕೈಹಿಡಿದು ಎಬ್ಬಿಸಿದ. ಆ ದಿನ ಅವನು ಅವಳ ಮುಖ ನೋಡಲಿಲ್ಲ.

ಹಿಂದಿನ ಭಾಗ ಮುಗಿಸಿ ಅವಳು ಮುಂದಿನ ಬಾಗಿಲು ತೆಗೆದಳು. ಕಾವು ಮುಖಕ್ಕೆ ಹೊಡೆಯಿತು. ಡ್ರೈವರ್ ಕೂರುವ ಜಾಗ ಯಾವಾಗಲೂ ಹಾಗೆಯೇ. ಎಸಿ ಇರುವುದು ಹಿಂದಕ್ಕೆ. ಮುಂದಿನ ಕೊಳವೆಗೆ ಕಂಪನಿಯವರೇ ಬಿರಡೆ ಹಾಕಿಸಿದ್ದರು, ಹಿಂದೆ ತಂಪು ಕಡಿಮೆಯಾಗಬಾರದೆಂದು. ಗಾಜು ಇಳಿಸುವಂತಿಲ್ಲ, ಧೂಳು ಬರುತ್ತದೆ. ಕೋಟಿನ ಗುಂಡಿ ಬಿಚ್ಚುವಂತಿಲ್ಲ. ಬೇಸಿಗೆ ಶುರುವಾದಾಗ ಅವಳ ಗಂಡ ಮ್ಯಾನೇಜರ ಹತ್ತಿರ ಹೋಗಿ, ಒಳಗೆ ಕೂರಲಾಗುತ್ತಿಲ್ಲ, ತಲೆ ತಿರುಗುತ್ತದೆ ಎಂದು ಹೇಳಿಕೊಂಡಿದ್ದ. ಮ್ಯಾನೇಜರಿಗೆ ಶೆಡ್ಡಿನವರು ಇಟ್ಟ ಹೆಸರು ಸೆಂಟು. ಅವನು ಬರುವ ಮೊದಲೇ ಅವನ ವಾಸನೆ ಬರುತ್ತಿತ್ತು. ಸೆಂಟು ಕೇಳಿದ್ದು ಒಂದೇ ಮಾತು.

"ನೀನೇನು ಕೊಳೀತೀಯಾ? ಕೊಳೆಯೋರು ಹಿಂದಿದ್ದಾರೆ."

ಸೀಟು ಒದ್ದೆಯಾಗಿತ್ತು. ಪೈಪಮ್ಮ ಮೂಗು ಹತ್ತಿರ ತರುವ ಮೊದಲೇ ಗೊತ್ತಾಯಿತು. ಉಚ್ಚೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಿಂದೆ ಹೆಣ ಗಲೀಜು ಮಾಡುವುದು ಸಾಲದೆಂದು ಮುಂದೆ ಬದುಕಿದವರೂ ಶುರು ಮಾಡಿದರಲ್ಲ ಎಂದು ಬೈದಳು. ಅದು ಮೀಸೆಯದ್ದೇ ಎಂದು ಗಟ್ಟಿ ಮಾಡಿಕೊಂಡಳು, ಅದಕ್ಕೇ ಮುಖ ತಪ್ಪಿಸಿ ಓಡಿದ್ದು. ಗಂಡ ಬರಲಿ, ಹೇಳಿ ನಗಿಸಬೇಕು ಅಂದುಕೊಂಡಳು. ಸೀಟಿನ ಮೇಲೆ ಪುಡಿ ಸುರಿದು, ಒಂದು ಮೊಣಕಾಲು ಊರಿ, ಎರಡೂ ಕೈಯಲ್ಲಿ ಗಸಗಸ ತಿಕ್ಕಿದಳು. ಹೊಲಿಗೆಯ ಸಂದಿಯನ್ನೂ ಬಿಡಲಿಲ್ಲ. ನೀರು ಹೊಯ್ದಳು, ಮತ್ತೆ ತಿಕ್ಕಿದಳು. ವಾಸನೆ ಪೂರ್ತಿ ಹೋಗುವವರೆಗೂ ತಿಕ್ಕಿದಳು. ಕೆಲಸದಲ್ಲಿ ಅವಳ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಕಾಲಿಡುವ ಜಾಗದ ನೀರು ಬಳಿಯಲು ಬಗ್ಗಿದಾಗ ಕೈಗೆ ಬೂಟು ಸಿಕ್ಕಿತು. ಜೋಡಿ ಬೂಟು. ಎಳೆದು ನೋಡಿದಳು. ಬಲಗಾಲಿನದ್ದರಲ್ಲಿ ಕಿರುಬೆರಳಿನ ಜಾಗ ಕತ್ತರಿಸಿತ್ತು. ಕಾಲಿನ ಆಣಿ ಒತ್ತುತ್ತದೆಂದು ಹೋದ ವಾರ ಅವಳೇ ಬ್ಲೇಡಿನಿಂದ ಕತ್ತರಿಸಿ ಕೊಟ್ಟದ್ದು. ಅಷ್ಟಾದರೂ ಅವನು ಗಾಡಿ ಹತ್ತಿದ ಮೇಲೆ ಬೂಟು ಬಿಚ್ಚಿ ಬರಿಗಾಲಲ್ಲೇ ಓಡಿಸುತ್ತಿದ್ದ, ಇಳಿಯುವ ಮೊದಲು ಹಾಕಿಕೊಳ್ಳುತ್ತಿದ್ದ.

ಬೂಟು ಇಲ್ಲಿದೆ. ಅಂದರೆ ಅವನು ಬರಿಗಾಲಲ್ಲಿ ಇಳಿದಿದ್ದಾನೆ. ಅಥವಾ ಅವನು ಇಳಿದಿಲ್ಲ, ಅವನನ್ನು ಇಳಿಸಿದ್ದಾರೆ. ಪೈಪಿನ ನೀರು ನೆಲದ ಮೇಲೆ ಹರಿಯುತ್ತಲೇ ಇತ್ತು. ಅವಳು ಬೂಟು ಹಿಡಿದು ಅಂಗಳದ ಸುತ್ತ ನೋಡಿದಳು. ಟೈರು ಇಡುವ ತಗಡಿನ ಕೋಣೆಯ ಬಾಗಿಲಲ್ಲಿ ಕುಳ್ಳ ಕೂತಿದ್ದ, ತಲೆ ಮೊಣಕಾಲಿನ ನಡುವೆ ಇಟ್ಟು. ಅವಳು ಬರುವುದನ್ನು ಕಂಡು ಎದ್ದು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ.

"ಬೇಡ ತಂಗೀ," ಎಂದ. "ತೊಳೆದು ಮುಗಿಸಿದ ಮೇಲೆ ಹೇಳಿ ಅಂದ್ರು. ಮೊದಲೇ ಹೇಳಿದ್ರೆ ನೀನು ತೊಳೆಯಲ್ಲ ಅಂತ."

ಅವಳು ಅವನನ್ನು ಪಕ್ಕಕ್ಕೆ ತಳ್ಳಿದಳು. ಒಳಗೆ ಹಳೆಯ ಟೈರುಗಳ ನಡುವೆ, ಗ್ರೀಸಿನ ಕಲೆಯ ತಾಡಪಾಲಿನ ಮೇಲೆ ಅವಳ ಗಂಡ ಮಲಗಿದ್ದ. ಕೋಟಿನ ಗುಂಡಿ ಕೊರಳವರೆಗೆ ಹಾಕಿತ್ತು. ಪ್ಯಾಂಟು ಒದ್ದೆ. ಕಾಲು ಬರಿಗಾಲು. ಶೆಡ್ಡಿನಲ್ಲಿ ಹೆಣಕ್ಕೆಂದು ತಂಪು ಪೆಟ್ಟಿಗೆ ನಾಲ್ಕಿದ್ದವು, ಆ ಹೊತ್ತಿಗೆ ನಾಲ್ಕೂ ಖಾಲಿ. ಇವನನ್ನು ಟೈರಿನ ಜೊತೆ ಹಾಕಿದ್ದರು. ಅವಳು ತಿಕ್ಕುತ್ತಿದ್ದ ಜಾಗದಿಂದ ಇಲ್ಲಿಗೆ ಇಪ್ಪತ್ತು ಹೆಜ್ಜೆಯಿಲ್ಲ. ಅವಳು ಬೈದದ್ದೆಲ್ಲ ಇಲ್ಲಿಗೆ ಕೇಳಿಸುವಷ್ಟು ಹತ್ತಿರ.

ಅವಳು ಕೂತು ಒಂದೊಂದಾಗಿ ಗುಂಡಿ ಬಿಚ್ಚಿದಳು. ಒಳಗಿನ ಅಂಗಿ ಬೆವರಿನಲ್ಲಿ ಮೈಗೆ ಅಂಟಿತ್ತು. ಅವಳ ಕೈಯಲ್ಲಿ ಇನ್ನೂ ಸೋಪಿನ ನೊರೆಯಿತ್ತು. ಆಗ ಅವಳಿಗೆ ಅಳು ಬಂತು. ಗಂಡ ಸತ್ತದ್ದಕ್ಕೆ ಬರುವ ಅಳು ಬೇರೆ, ಅದು ಆಮೇಲೆ ಬರುವುದಿತ್ತು. ಇದು, ಅವನ ಕೊನೆಯದ್ದನ್ನು ತಾನೇ ಬೈದು ಬೈದು ತೊಳೆದುಬಿಟ್ಟೆನಲ್ಲ ಎಂಬ ಅಳು. ಅವಳಿಗೆ ತನ್ನ ಕೈಯನ್ನೇ ಕಡಿದುಹಾಕಬೇಕೆನ್ನಿಸಿತು.

ಮೀಸೆ ಬಂದು ಬಾಗಿಲಲ್ಲಿ ನಿಂತಿದ್ದ. ನಡೆದದ್ದನ್ನು ಅವನು ಹೇಳಿದ್ದು ತೊದಲುತ್ತಾ, ಹಿಂದುಮುಂದಾಗಿ. ಬೆಳಿಗ್ಗೆ ದೊಡ್ಡ ವ್ಯಾಪಾರಿಯೊಬ್ಬನ ಮನೆಗೆ ಗಾಡಿ ಹೋಗಿತ್ತು. ವಿಮಾನದಲ್ಲಿ ಬರುವ ಮಗಳಿಗಾಗಿ ಕಾಯಬೇಕೆಂದರು. ಎರಡು ಗಂಟೆ ಗಾಡಿ ಬಿಸಿಲಲ್ಲಿ ನಿಂತಿತು. ಹಿಂದೆ ತಂಪಾಗಿರಬೇಕು, ಆದ್ದರಿಂದ ಇಂಜಿನ್ನು ಓಡುತ್ತಲೇ ಇರಬೇಕು, ಆದ್ದರಿಂದ ಡ್ರೈವರು ಇಳಿಯುವಂತಿಲ್ಲ. ಮಗಳು ಬಂದಳು. ಆರು ಜನ ಪೆಟ್ಟಿಗೆ ತಂದರು. ಪೆಟ್ಟಿಗೆ ಒಳಗೆ ಹೋಗುವವರೆಗೆ ಡ್ರೈವರು ತಲೆ ಬಗ್ಗಿಸಿ ಕೂರಬೇಕೆಂದು ಕಂಪನಿಯಲ್ಲಿ ಕಲಿಸಿದ್ದರು. ಇವನು ತಲೆ ಬಗ್ಗಿಸಿದ್ದ. ಎಷ್ಟು ಮರ್ಯಾದೆಯ ಮನುಷ್ಯ ನೋಡಿ ಎಂದು ಆ ಮನೆಯ ಹೆಂಗಸೊಬ್ಬಳು ಹೇಳಿದಳಂತೆ. ಕಂಪನಿಯ ಫೋಟೋದವನು ಗಾಜಿನ ಹೊರಗಿನಿಂದ ಎರಡು ಫೋಟೋ ಹೊಡೆದ. ಹೊರಡಲು ಗಂಟೆ ಬಾರಿಸಿದರು, ಗಾಡಿ ಹೊರಡಲಿಲ್ಲ. ನಾಲ್ಕನೇ ಸಲ ಬಾರಿಸಿದ ಮೇಲೆ ಬಾಗಿಲು ತೆಗೆದು ನೋಡಿದರು.

"ಡಾಕ್ಟರಿಗೆ ತೋರಿಸಿದ್ರಾ?" ಎಂದು ಕೇಳಿದಳು ಪೈಪಮ್ಮ.

ಮೀಸೆ ಇಲ್ಲವೆಂದು ತಲೆಯಾಡಿಸಿದ.

"ನಾಡಿ ಹಿಡಿದು ನೋಡಿದ್ರಾ ಯಾರಾದ್ರೂ?"

"ದಿನಾ ನೋಡೋರಲ್ವಾ ಅತ್ತಿಗೆ, ಮುಖ ನೋಡಿದ್ರೆ ಗೊತ್ತಾಗುತ್ತೆ ಅಂದ್ರು," ಎಂದ ಮೀಸೆ. "ಟ್ರಿಪ್ಪಿಗೆ ಹೊತ್ತಾಗುತ್ತೆ ಅಂತ ನನ್ನ ಕರೆಸಿದ್ರು. ನಾನು ಹೋಗೋ ಹೊತ್ತಿಗೆ ಅಣ್ಣನ್ನ ಕಾಂಪೌಂಡಿನ ಪಕ್ಕ ಮಲಗಿಸಿದ್ರು. ನಾನು ಸೀಟಿನ ಮೇಲೆ ಪ್ಲಾಸ್ಟಿಕ್ ಹಾಸ್ಕೊಂಡು ಓಡಿಸ್ದೆ. ಆಮೇಲೆ ಐಸ್ ಗಡ್ಡೆ ತರೋ ಟೆಂಪೋದಲ್ಲಿ ಇಲ್ಲಿಗೆ ತಂದ್ರು, ಅದು ಬರೋಕೆ ಮುಕ್ಕಾಲು ಗಂಟೆ ಆಯ್ತಂತೆ."

ಮುಕ್ಕಾಲು ಗಂಟೆ. ಹೆಣ ಎಂದರೆ ಏನೆಂದು ಊರಿಗೆಲ್ಲ ಹೇಳಿಕೊಡುವ ಕಂಪನಿ ಇದು. ಬಿಸಿಲಿಗೆ ಪ್ರಜ್ಞೆ ತಪ್ಪಿದವನಿಗೂ ಸತ್ತವನಿಗೂ ವ್ಯತ್ಯಾಸ ನೋಡುವಷ್ಟು ಹೊತ್ತು ಅವರಿಗಿರಲಿಲ್ಲ. ಒಂದು ಚೊಂಬು ನೀರು ಹೊಯ್ದಿದ್ದರೆ ಏಳುತ್ತಿದ್ದನೋ ಏನೋ. ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಪೈಪಮ್ಮ ಇದನ್ನು ಯೋಚಿಸಿದಳು, ಮತ್ತೆ ಯೋಚಿಸಿದಳು, ಆಮೇಲೆ ಅಳು ನಿಂತುಹೋಯಿತು.

ಅಷ್ಟರಲ್ಲಿ ಸೆಂಟು ಬಂದ. ಕರ್ಚೀಫು ಮೂಗಿಗೆ ಹಿಡಿದು, ಬಾಗಿಲಿನಿಂದ ಎರಡು ಮಾರು ದೂರದಲ್ಲೇ ನಿಂತ. ಗಿರಾಕಿಗಳಿಗೆ ಹೇಳುವ ಮಾತುಗಳನ್ನೇ ಇವಳಿಗೂ ಹೇಳಿದ, ತುಂಬಲಾರದ ನಷ್ಟ, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ. ಅವನಿಗೆ ಅದು ಬಾಯಿಪಾಠ. ಆಮೇಲೆ ಐಸ್ ಟೆಂಪೋ ಹಿಂದಿನ ಗೇಟಿನಲ್ಲಿದೆ, ಅದರಲ್ಲಿ ಕಳಿಸಿಕೊಡುತ್ತೇವೆ, ನೀನೂ ಜೊತೆಗೆ ಹೋಗಬಹುದು, ಇವತ್ತಿನ ಮಿಕ್ಕ ಕೆಲಸಕ್ಕೆ ರಜ ಎಂದ.

ಪೈಪಮ್ಮ ಮೂರನೇ ನಂಬರಿನ ಗಾಡಿ ಕೇಳಿದಳು. ಕೂಗಾಡಲಿಲ್ಲ. ಅವನು ಓಡಿಸಿದ ಗಾಡಿ, ಅವನು ಸತ್ತ ಗಾಡಿ, ಅದರಲ್ಲೇ ಅವನನ್ನು ಮಲಗಿಸಿ ತಮ್ಮ ಬೀದಿಯ ಮುಂದೆ ಹಾಯಿಸಿಕೊಂಡು ಮಸಣಕ್ಕೆ ಒಯ್ಯಬೇಕು ಎಂದಳು. ಹಿಂದೆ ಮಲಗಿದವರಿಗೆ ಸಿಗುವ ಗಾಳಿ ತನಗೂ ಒಂದು ದಿನ ಸಿಗುತ್ತೆ ಬಿಡು ಎಂದು ಅವನು ತಮಾಷೆ ಮಾಡುತ್ತಿದ್ದ ಎಂದಳು. ಆ ಒಂದು ಆಸೆ ಬಿಟ್ಟರೆ ಅವಳಿಗೆ ಅವರಿಂದ ಏನೂ ಬೇಕಿರಲಿಲ್ಲ.

ಸೆಂಟು ತಲೆಯಾಡಿಸಿದ. ಅದು ಗಿರಾಕಿಗಳ ಗಾಡಿ ಎಂದ. ನಾಲ್ಕು ಗಂಟೆಗೆ ಹೋಗಬೇಕು ಎಂದ. ನಾಳೆ ಬೆಳಿಗ್ಗೆಯಾದರೂ ಕೊಡಿ, ಅಲ್ಲಿಯವರೆಗೆ ತಂಪು ಪೆಟ್ಟಿಗೆಯಲ್ಲಿಡಿ ಎಂದಳು ಅವಳು.

"ಹಂಗಲ್ಲಮ್ಮ. ನಾಳೆ ಅಂತಲೂ ಅಲ್ಲ," ಎಂದ ಸೆಂಟು. "ದೊಡ್ಡ ದೊಡ್ಡೋರು ಮಲಗೋ ಜಾಗ ಅದು. ನಿಮ್ಮಂಥೋರು ಅದರಲ್ಲಿ ಹೋಗಿದ್ದು ಗೊತ್ತಾದ್ರೆ ಯಾರು ಬರ್ತಾರೆ? ವ್ಯಾಪಾರ ಸ್ವಲ್ಪ ಅರ್ಥ ಮಾಡ್ಕೋ."

ಪೈಪಮ್ಮ ಅರ್ಥ ಮಾಡಿಕೊಂಡಳು. ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿದಳು. ಕುಳ್ಳಣ್ಣ, ಕಾಲು ಹಿಡಿ ಎಂದಳು. ತಾನು ಗಂಡನ ಕಂಕುಳಿಗೆ ಎರಡೂ ಕೈ ಹಾಕಿ ತಲೆಯನ್ನು ಎದೆಗೆ ಒತ್ತಿಕೊಂಡಳು. ಭಾರದ ತುದಿ ಅದು. ಹೆಣ ಹೊರುವುದು ಅವಳಿಗೆ ಹೊಸದು, ಕುಳ್ಳನಿಗೆ ಹಳೆಯದು. ಅವನು ಮೆಲ್ಲಗೆ, ಮಂಡಿ ಬಗ್ಗಿಸು, ಸೊಂಟದಿಂದ ಎತ್ತಬೇಡ ಎಂದು ಹೇಳಿಕೊಟ್ಟ. ಇಬ್ಬರೂ ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಇಪ್ಪತ್ತು ಹೆಜ್ಜೆ ನಡೆದು, ತೊಳೆದ ತಟ್ಟೆಯ ಮೇಲೆ ಅವನನ್ನು ಒದ್ದೆ ಪ್ಯಾಂಟಿನಲ್ಲೇ ಮಲಗಿಸಿದರು. ತಟ್ಟೆಯನ್ನು ಒಳಕ್ಕೆ ತಳ್ಳಿದಳು. ಅದು ಕಂಬಿಯ ಮೇಲೆ ಸದ್ದಿಲ್ಲದೆ ಜಾರಿತು. ಅವಳು ತೊಳೆದ ಕಂಬಿ ಯಾವತ್ತೂ ಸದ್ದು ಮಾಡುತ್ತಿರಲಿಲ್ಲ.

ಸೆಂಟು ಆರು ಜನರನ್ನು ಕೂಗಿ ಕರೆದ. ಅವರು ಕೋಟು ಹಾಕಿ, ಕೈಗವಸು ತೊಟ್ಟು, ಸಾಲಾಗಿ ಬಂದರು. ಅವನನ್ನು ಇಳಿಸಿ ಎಂದ. ಅವರು ಗಾಡಿಯೊಳಗೆ ಬಗ್ಗಿ ನೋಡಿದರು. ಪೆಟ್ಟಿಗೆಯಿಲ್ಲ. ಹಿಡಿಯಲು ಹಿಡಿಕೆಯಿಲ್ಲ. ಬಾಯಿ ತೆರೆದ ಮುಖ, ಒದ್ದೆ ಬಟ್ಟೆ, ಬರಿಗಾಲು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ವರ್ಷದಿಂದ ಹೆಣದ ಕೆಲಸದಲ್ಲಿದ್ದವರು, ಒಬ್ಬನೂ ಹೆಣ ಮುಟ್ಟಿದವನಲ್ಲ.

"ನಮ್ಮ ಕೆಲಸ ಪೆಟ್ಟಿಗೆ ಹಿಡಿಯೋದು ಸಾರ್," ಎಂದ ಅವರಲ್ಲಿ ಹಿರಿಯ. "ಮೈ ಮುಟ್ಟೋದು ಅವರ ಕೆಲಸ ಅಂತ ನೀವೇ ಹೇಳಿದ್ರಿ."

ಸೆಂಟು ಕುಳ್ಳನ ಕಡೆ ತಿರುಗಿದ. ಕುಳ್ಳ ಗಾಡಿಯ ಹಿಂಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ಕೆಲಸ ಹೋಗುತ್ತೆ ಎಂದು ಸೆಂಟು ಹೇಳಿದ. ಹೋಗಲಿ ಎಂದ ಕುಳ್ಳ. ಸೆಂಟು ಪೈಪಮ್ಮನಿಗೆ ಇಳಿಸು ಎಂದು ಅಬ್ಬರಿಸಿದ.

"ನೀವೇ ಇಳಿಸಿ," ಎಂದಳು ಅವಳು.

ಅವನು ಇಳಿಸಲು ಹೋದ. ಅದನ್ನು ಹೇಳಲೇಬೇಕು. ಕರ್ಚೀಫನ್ನು ಜೇಬಿಗೆ ಹಾಕಿ, ಕುಳ್ಳನನ್ನು ದಾಟಿ ಬಗ್ಗಿ, ತಟ್ಟೆಯ ಅಂಚಿಗೆ ಕೈ ಹಾಕಿ ಎಳೆದ. ತಟ್ಟೆ ಅರ್ಧ ಈಚೆ ಬಂತು. ಅದರ ಜೊತೆ ತಣ್ಣನೆಯ ಎರಡು ಪಾದ ಬಂದು ಅವನ ಹೊಟ್ಟೆಗೆ ತಾಗಿದವು. ಸೆಂಟು ಹಿಂದಕ್ಕೆ ಹಾರಿದ. ಅಂಗಳದ ಮೂಲೆಗೆ ಹೋಗಿ ವಾಂತಿ ಮಾಡಿದ. ಆರು ಜನ ಬಿಳಿ ಕೈಗವಸಿನ ಕೈ ಕಟ್ಟಿಕೊಂಡು ನಿಂತು ನೋಡಿದರು. ಯಾರೂ ನಗಲಿಲ್ಲ. ಪೈಪಮ್ಮ ತಟ್ಟೆಯನ್ನು ಮತ್ತೆ ಒಳಗೆ ತಳ್ಳಿದಳು.

ಮೂರು ಗಂಟೆಯಾಯಿತು. ಆಫೀಸಿನಲ್ಲಿ ಫೋನು ಬಡಿದುಕೊಂಡಿತು. ನಾಲ್ಕು ಗಂಟೆಯ ಗಿರಾಕಿಗಳು. ಮಾತಾಡಿ ಬಂದ ಸೆಂಟುವಿನ ಮುಖ ಬಿಳಿಚಿತ್ತು. ಇನ್ನು ಹೆಣ ಇಳಿಸಿದರೂ ನಾಲ್ಕರೊಳಗೆ ಗಾಡಿ ತೊಳೆಯುವವರು ಯಾರೆಂದು ಅವನಿಗೆ ಹೊಳೆದಿರಬೇಕು. ಅಂಗಳದಲ್ಲಿ ಪೈಪು ಹಿಡಿದು ಗೊತ್ತಿದ್ದ ಕೈ ಒಂದೇ. ಅವನು ಜೇಬಿನಿಂದ ಗಾಡಿಯ ಕೀಲಿ ತೆಗೆದು, ಹಾಳಾಗಿ ಹೋಗಿ ಎಂದು ನೆಲಕ್ಕೆ ಎಸೆದ. ಅದು ಪೈಪಮ್ಮನ ಕಾಲ ಬಳಿ ನೊರೆಯ ನೀರಿನಲ್ಲಿ ಬಿತ್ತು.

ಮೀಸೆ ಎತ್ತಿಕೊಳ್ಳಲು ಬಗ್ಗಿದ. ಅವಳು ತಡೆದಳು.

"ಎತ್ತಿ ಕೈಗೆ ಕೊಡಿ," ಎಂದಳು ಸೆಂಟುವಿಗೆ.

ಅವನು ಸುತ್ತ ನೋಡಿದ. ಆರು ಜನರೂ ನೋಡುತ್ತಿದ್ದರು. ಮತ್ತೆ ಫೋನು ಹೊಡೆದುಕೊಳ್ಳತೊಡಗಿತು. ಸೆಂಟು ಬಗ್ಗಿದ. ಕೊಳೆ ನೀರಿನಲ್ಲಿ ಬೆರಳಾಡಿಸಿ ಕೀಲಿ ಎತ್ತಿ, ತೋಳನ್ನು ಉದ್ದಕ್ಕೆ ಚಾಚಿ, ತುದಿಬೆರಳಲ್ಲಿ ಹಿಡಿದು ಕೊಟ್ಟ. ಅವಳು ಕೀಲಿಯ ಜೊತೆ ಅವನ ಬೆರಳುಗಳನ್ನೂ ಹಿಡಿದುಕೊಂಡಳು. ಹೆಣದ ಕೋಟಿನ ಗುಂಡಿ ಬಿಚ್ಚಿದ ಕೈ, ಇಷ್ಟೂ ವರ್ಷ ತೊಳೆದ ಕೈ. ಅವನು ಎಳೆದುಕೊಳ್ಳಲು ನೋಡಿದ. ಅವಳಿಗೆ ಸಾಕೆನಿಸಿದ ಮೇಲೆ ಬಿಟ್ಟಳು.

ಮೀಸೆ ಗಾಡಿ ಹತ್ತಿದ. ಕೋಟು ಬಿಚ್ಚಿ ಹೊರಗೆಸೆದ, ಗಾಜು ಪೂರ್ತಿ ಇಳಿಸಿದ. ಹಿಂದೆ ತಂಪು ಜೋರಾಗಿ ಬಿಡು ಎಂದು ಪೈಪಮ್ಮ ಹೇಳಿದಳು. ಕುಳ್ಳ ಹಿಂದೆ ಹೆಣದ ಪಕ್ಕದಲ್ಲಿ ಕೂತ. ಅವಳು ಮುಂದೆ, ಮೀಸೆಯ ಪಕ್ಕ. ಯಾವ ಗೇಟಿಂದ ಅತ್ತಿಗೆ ಎಂದು ಮೀಸೆ ಕೇಳಿದ. ಮುಂದಿನ ಗೇಟಿಂದ ಎಂದಳು.

ಗಾಡಿ ಅಲುಗಿದಾಗ ಸೆಂಟುವಿಗೆ ಧ್ವನಿ ಬಂತು. ಮೂವರೂ ನಾಳೆಯಿಂದ ಈ ಕಡೆ ತಲೆ ಹಾಕಬೇಡಿ, ಗಾಡಿ ಸಂಜೆಯೊಳಗೆ ಇದ್ದ ಹಾಗೇ ವಾಪಸ್ ಬರಬೇಕು, ಇಲ್ಲದಿದ್ದರೆ ಪೊಲೀಸಿಗೆ ಕೊಡುತ್ತೇನೆ ಎಂದು ಹಿಂದೆಯೇ ಬಂದ. ಪೈಪಮ್ಮ ಗಾಡಿ ನಿಲ್ಲಿಸಲು ಹೇಳಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಮಸಣದ ಬಾಗಿಲಲ್ಲಿ ನಿಲ್ಲಿಸಿರ್ತೀವಿ, ನೀವೇ ಬಂದು ತಗೊಂಡು ಹೋಗಿ," ಎಂದಳು. "ತೊಳೆದಿರಲ್ಲ."